ಐದು ವರ್ಷದ ಹಳೆಯ ಲೆಕ್ಕ ಮತ್ತು ದುಬೈನಲ್ಲಿ ಕೆಲಸ ಬದಲಿಸುವ ಹೊತ್ತು

ಕರಾವಳಿಯ ಮನೆಗಳಿಂದ ಗಲ್ಫ್‌ಗೆ ಹೊರಟ ಹುಡುಗರಿಗೆ ಹಿರಿಯರು ಹೇಳಿ ಕಳುಹಿಸುವ ಮಾತುಗಳಲ್ಲಿ ಒಂದು ತಪ್ಪದೆ ಇರುತ್ತದೆ: ಏನೇ ಕಷ್ಟ ಬಂದರೂ ಒಂದೇ ಕಂಪನಿಯಲ್ಲಿ ಐದು ವರ್ಷ ಪೂರೈಸು, ನಡುವೆ ಬಿಟ್ಟರೆ ಗ್ರಾಚ್ಯುಟಿ, ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡುವ ಹಣ, ಕೈಗೆ ಬರುವುದಿಲ್ಲ. ದುಬೈನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು, ಕೆಲಸ ಬಿಡುವವರ ಫೈನಲ್ ಸೆಟಲ್‌ಮೆಂಟ್, ಎಂದರೆ ಕೊನೆಯ ಲೆಕ್ಕದ, ಕಾಗದಗಳನ್ನು ತಯಾರಿಸುವ ನಾನು ಊರಿನವರಿಗೆ ಹೇಳಬೇಕೆಂದಿರುವುದು ಇದೇ ಮಾತಿನ ಬಗ್ಗೆ. ಹಿರಿಯರು ಹೇಳಿದ್ದು ಅವರ ಕಾಲಕ್ಕೆ ಪೂರ್ತಿ ನಿಜವಾಗಿತ್ತು. ಅವರು ದುಡಿದ ಕಾಲದ ಕಾನೂನು ಈಗ ಜಾರಿಯಲ್ಲಿಲ್ಲ.

1980ರ ಹಳೆಯ ಕಾರ್ಮಿಕ ಕಾನೂನಿನ ಪ್ರಕಾರ, ಅವಧಿ ನಿಗದಿಯಾದ ಕರಾರಿನಲ್ಲಿದ್ದವನು ಅವಧಿಗೆ ಮೊದಲೇ ತಾನಾಗಿ ರಾಜೀನಾಮೆ ಕೊಟ್ಟರೆ, ಐದು ವರ್ಷ ಮೀರಿ ದುಡಿದಿದ್ದ ಹೊರತು ಅವನಿಗೆ ಗ್ರಾಚ್ಯುಟಿ ಸಿಗುತ್ತಿರಲಿಲ್ಲ. ಅವಧಿಯಿಲ್ಲದ ಕರಾರಿನಲ್ಲಿದ್ದವನಿಗೂ ಮೂರು ವರ್ಷದೊಳಗೆ ಬಿಟ್ಟರೆ ಮೂರನೇ ಒಂದು ಪಾಲು, ಮೂರರಿಂದ ಐದು ವರ್ಷದೊಳಗೆ ಬಿಟ್ಟರೆ ಮೂರನೇ ಎರಡು ಪಾಲು ಮಾತ್ರ ದಕ್ಕುತ್ತಿತ್ತು. 2022ರ ಫೆಬ್ರವರಿ 2ರಿಂದ ಯುಎಇಯಲ್ಲಿ ಹೊಸ ಕಾನೂನು ಜಾರಿಗೆ ಬಂದಿದೆ. ಈಗ ಕರಾರುಗಳೆಲ್ಲ ಅವಧಿ ನಿಗದಿಯಾದವೇ. ಆದರೆ ಒಂದು ವರ್ಷ ಪೂರೈಸಿದವನು ತಾನಾಗಿ ಬಿಟ್ಟರೂ, ಕಂಪನಿಯೇ ಕಳುಹಿಸಿದರೂ ಗ್ರಾಚ್ಯುಟಿಯ ಲೆಕ್ಕ ಒಂದೇ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು, ವರ್ಷ ತುಂಬದ ತಿಂಗಳುಗಳಿಗೂ ಅದೇ ಪ್ರಮಾಣದಲ್ಲಿ. ಇದು ಯುಎಇ ಕಾರ್ಮಿಕ ಸಚಿವಾಲಯದ ಕಾನೂನಿಗೆ ಒಳಪಟ್ಟ ಕಂಪನಿಗಳ ಮಾತು. ದುಬೈ ಇಂಟರ್‌ನ್ಯಾಷನಲ್ ಫೈನಾನ್ಷಿಯಲ್ ಸೆಂಟರ್ ಮತ್ತು ಅಬುಧಾಬಿ ಗ್ಲೋಬಲ್ ಮಾರ್ಕೆಟ್ ಎಂಬ ಹಣಕಾಸು ವಲಯಗಳಲ್ಲಿ ಬೇರೆ ನಿಯಮಗಳಿವೆ, ಮನೆಗೆಲಸದವರಿಗೂ ಪ್ರತ್ಯೇಕ ಕಾನೂನು ಇದೆ.

ಇತ್ತೀಚೆಗೆ ಕುಂದಾಪುರ ಕಡೆಯ ಹುಡುಗನೊಬ್ಬ ಕೈಯಲ್ಲಿ ಫೋನ್ ಹಿಡಿದು ನನ್ನ ರೂಮಿಗೆ ಬಂದಿದ್ದ. ಅವನು ಬೇರೊಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಸೇವೆ ನಾಲ್ಕು ವರ್ಷ ನಾಲ್ಕು ತಿಂಗಳು, ಒಟ್ಟು ಸಂಬಳ 4,500 ದಿರ್ಹಮ್, ಅದರಲ್ಲಿ ಮೂಲ ವೇತನ, ಎಂದರೆ ಇಲ್ಲಿನವರು ಬೇಸಿಕ್ ಎನ್ನುವುದು, 3,000. ಹೊಸ ಆಫರ್ 5,000 ದಿರ್ಹಮ್‌ನದು. "ಅಣ್ಣ, ಬಾವ ಇನ್ನೂ ಎಂಟು ತಿಂಗಳು ಕಾಯಲೇಬೇಕು ಅಂತಾರೆ, ಹೊಸ ಕಂಪನಿಯವರು ಅಲ್ಲಿವರೆಗೆ ನಿಲ್ಲುವುದಿಲ್ಲ, ಏನು ಮಾಡಲಿ?" ಎಂದು ಕೇಳಿದ. ಇಂದು ಬಿಟ್ಟರೆ ಅವನ ಗ್ರಾಚ್ಯುಟಿ 9,100 ದಿರ್ಹಮ್, ಐದು ವರ್ಷ ತುಂಬಿಸಿದರೆ 10,500. ಹೆಚ್ಚಾಗುವ 1,400 ಆ ಎಂಟು ತಿಂಗಳು ದುಡಿದದ್ದಕ್ಕೆ ಬರುವುದೇ ಹೊರತು, ಕಾದದ್ದಕ್ಕೆ ಸಿಗುವ ಇನಾಮಲ್ಲ. ಕಾಯುವುದರಿಂದ ನಿಜವಾಗಿ ಸಿಗುವ ಲಾಭವೆಂದರೆ ಆರನೇ ವರ್ಷದಿಂದ 21 ದಿನ ಹೋಗಿ 30 ದಿನವಾಗುವುದು, ಅಂದರೆ ಅವನ ಬೇಸಿಕ್‌ಗೆ ವರ್ಷಕ್ಕೆ 900 ದಿರ್ಹಮ್. ತಿಂಗಳಿಗೆ 75 ದಿರ್ಹಮ್‌ಗಾಗಿ ಒಳ್ಳೆಯ ಅವಕಾಶವನ್ನು ಯಾರೂ ಕಳೆದುಕೊಳ್ಳಬಾರದು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಆದರೂ ಆ ಆಫರ್ ಅನ್ನು ಒಪ್ಪಿಕೋ ಎಂದು ನಾನು ಅವನಿಗೆ ಹೇಳಲಿಲ್ಲ. ಫೋನಿನ ಪರದೆಯನ್ನು ಸರಿಸುತ್ತಾ ಹೋದಾಗ ಕೆಳಗೆ ಸಂಬಳದ ವಿಂಗಡಣೆ ಕಂಡಿತು: ಬೇಸಿಕ್ 1,800, ಉಳಿದದ್ದೆಲ್ಲ ಮನೆ ಬಾಡಿಗೆ, ಸಾರಿಗೆ ಮತ್ತು ಇತರ ಭತ್ಯೆ. ಗ್ರಾಚ್ಯುಟಿ, ಓಟಿಗೆ (ಓವರ್‌ಟೈಮ್‌ಗೆ) ಸಿಗುವ ಹೆಚ್ಚುವರಿ ದರ, ಬಿಡುವಾಗ ಉಳಿದ ರಜೆಗೆ ಕೊಡುವ ಹಣ, ಇವೆಲ್ಲ ಬೇಸಿಕ್ ಮೇಲೆಯೇ ನಿಂತಿರುವುದರಿಂದ ಒಟ್ಟು ಮೊತ್ತವನ್ನಷ್ಟೇ ನೋಡಿ ಕೆಲಸ ಬದಲಿಸುವುದು ಅಪಾಯ. ಅವನು ತಿಂಗಳಿಗೆ ಸುಮಾರು 40 ಗಂಟೆ ಓಟಿ ಮಾಡುತ್ತಾನೆ. ಹಗಲಿನ ಓಟಿಗೆ ಶೇಕಡಾ 25 ಹೆಚ್ಚು ಸೇರಿಸಿದರೆ ಹಳೆಯ ಬೇಸಿಕ್‌ನಲ್ಲಿ ಗಂಟೆಗೆ ಹದಿನೈದೂವರೆ ದಿರ್ಹಮ್ ದಾಟುತ್ತದೆ, ಹೊಸದರಲ್ಲಿ ಒಂಬತ್ತೂವರೆಯೂ ಮುಟ್ಟುವುದಿಲ್ಲ. ತಿಂಗಳಿಗೆ 250 ದಿರ್ಹಮ್ ಅಲ್ಲಿಯೇ ಖೋತಾ. ಗ್ರಾಚ್ಯುಟಿಯಲ್ಲಿ ಕಡಿಮೆಯಾಗುವುದನ್ನು ತಿಂಗಳಿಗೆ ಹಂಚಿದರೆ ಇನ್ನೊಂದು 70. ಐನೂರರ ಏರಿಕೆಯಲ್ಲಿ ಉಳಿಯುವುದು 180. ಹಳೆಯ ಕಂಪನಿ ರೂಮನ್ನೂ ಬಸ್ಸನ್ನೂ ಕೊಡುತ್ತದೆ, ಹೊಸದು ಕೊಡುವುದಿಲ್ಲ. ದುಬೈನ ದೇರಾದಲ್ಲಿ ಒಂದು ಬೆಡ್‌ಸ್ಪೇಸ್, ಎಂದರೆ ಹಲವರಿರುವ ರೂಮಿನಲ್ಲಿ ಒಂದು ಮಂಚದ ಜಾಗ, ಹಿಡಿಯುವಷ್ಟರಲ್ಲಿ ಆ 180 ಕರಗಿ, ಕೈಯಿಂದಲೇ ಹಾಕಬೇಕಾಗುತ್ತದೆ. ಅವನು ಬೇಸಿಕ್ 3,000ಕ್ಕೆ ಏರಿಸಿ ಎಂದು ಆ ಕಂಪನಿಯವರನ್ನು ಕೇಳಿದ, ಅವರು ಒಪ್ಪಲಿಲ್ಲ, ಅವನು ಹೋಗಲಿಲ್ಲ. ಈಗ ಬೇರೆ ಕಡೆ ಹುಡುಕುತ್ತಿದ್ದಾನೆ, ಐದು ವರ್ಷದ ಚಿಂತೆಯನ್ನು ಬಿಟ್ಟು.

ಹಾಗಾದರೆ ನಿಜವಾಗಿ ಕಾಯಬೇಕಾದ ದಿನಾಂಕಗಳು ಯಾವುವು? ಮೊದಲನೆಯದು ಒಂದು ವರ್ಷ ತುಂಬುವ ದಿನ, ಏಕೆಂದರೆ ಹನ್ನೊಂದನೇ ತಿಂಗಳಲ್ಲಿ ಹೊರಟವನಿಗೆ ಗ್ರಾಚ್ಯುಟಿಯೆಂದು ಒಂದು ದಿರ್ಹಮ್ ಕೂಡ ಬರುವುದಿಲ್ಲ. ಇನ್ನೊಂದು ಪ್ರೊಬೇಷನ್, ಎಂದರೆ ಹೊಸಬನನ್ನು ಪರೀಕ್ಷಿಸಿ ನೋಡುವ ಅವಧಿ, ಮುಗಿಯುವ ದಿನ, ಅದು ಹೆಚ್ಚೆಂದರೆ ಆರು ತಿಂಗಳು. ಆ ಅವಧಿಯಲ್ಲಿ ಇಲ್ಲಿಯೇ ಇನ್ನೊಂದು ಕಂಪನಿಗೆ ಸೇರುವವನು ಒಂದು ತಿಂಗಳು ಮೊದಲೇ ಬರಹದಲ್ಲಿ ತಿಳಿಸಬೇಕು, ಕರೆತಂದ ಖರ್ಚನ್ನು ಹೊಸ ಕಂಪನಿ ಹಳೆಯದಕ್ಕೆ ತುಂಬಿಕೊಡಬೇಕು. ಹೇಳದೆ ಕೇಳದೆ ಹೋದರೆ ಒಂದು ವರ್ಷ ವರ್ಕ್ ಪರ್ಮಿಟ್ ಸಿಗದ ಬ್ಯಾನ್ ಬೀಳುತ್ತದೆ. ಪ್ರೊಬೇಷನ್ ಮುಗಿದ ಮೇಲೆ ಕರಾರಿನಲ್ಲಿ ಬರೆದಂತೆ 30ರಿಂದ 90 ದಿನಗಳ ನೋಟಿಸ್ ಇರುತ್ತದೆ. ಕೆಲವರ ಕರಾರಿನಲ್ಲಿ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತೂ ಇರುತ್ತದೆ, ಅದು ಎರಡು ವರ್ಷ ಮೀರುವಂತಿಲ್ಲ. ಮಾರಾಟ ವಿಭಾಗದವರು ಆ ಪುಟವನ್ನು ಓದಿಯೇ ಮುಂದುವರಿಯುವುದು ಒಳ್ಳೆಯದು.

ಹೊಸ ಜಾಗದಲ್ಲಿ ಮತ್ತೆ ಪ್ರೊಬೇಷನ್ ಶುರುವಾಗುತ್ತದೆ ಎಂಬುದನ್ನು ಊರಿನವರು ಮರೆಯಬಾರದು. ಆ ಆರು ತಿಂಗಳಲ್ಲಿ 14 ದಿನಗಳ ನೋಟಿಸ್ ಕೊಟ್ಟು ಕಂಪನಿ ನಮ್ಮನ್ನು ಕಳುಹಿಸಬಹುದು. ಆದ್ದರಿಂದ ಮನೆ ಕಟ್ಟಲು ಸಾಲ ತೆಗೆಯುವುದನ್ನೋ, ತಂಗಿಯ ಮದುವೆಯ ದಿನ ಗೊತ್ತು ಮಾಡುವುದನ್ನೋ ಅದೇ ಆರು ತಿಂಗಳಿಗೆ ಜೋಡಿಸಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಿರುದ್ಯೋಗ ವಿಮೆ ಇದೆಯಲ್ಲ ಎನ್ನುವವರಿದ್ದಾರೆ. 2023ರಿಂದ ಅದು ಕಡ್ಡಾಯವಾಗಿದೆ, ಆದರೆ ಕನಿಷ್ಠ ಹನ್ನೆರಡು ತಿಂಗಳು ಕಂತು ಕಟ್ಟಿರಬೇಕು, ಮತ್ತು ತಾನಾಗಿ ರಾಜೀನಾಮೆ ಕೊಟ್ಟವನಿಗೆ ಅದು ಅನ್ವಯಿಸುವುದಿಲ್ಲ.

ಸಂಸಾರದೊಂದಿಗೆ ಇರುವವರ ಲೆಕ್ಕವೇ ಬೇರೆ. ಇಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುವುದರಿಂದ, ದುಬೈನಿಂದ ಅಬುಧಾಬಿಗೆ ಹೋಗಬೇಕಾದ ಕೆಲಸವನ್ನು ನವೆಂಬರ್‌ನಲ್ಲಿ ಒಪ್ಪಿಕೊಂಡವನು ನಾಲ್ಕೈದು ತಿಂಗಳು ಒಂಟಿಯಾಗಿ ಇರಬೇಕಾಗುತ್ತದೆ. ಗಂಡನ ವೀಸಾ ರದ್ದಾಗುವ ಮೊದಲು ಹೆಂಡತಿ ಮಕ್ಕಳ ವೀಸಾವನ್ನು ಹೋಲ್ಡ್‌ನಲ್ಲಿ, ಎಂದರೆ ರದ್ದಾಗದಂತೆ ತಡೆದು, ಇರಿಸಬೇಕು. ಕಂಪನಿ ಕೊಟ್ಟ ಆರೋಗ್ಯ ವಿಮೆ ಹಳೆಯ ವೀಸಾದ ಜೊತೆಗೇ ಮುಗಿಯುತ್ತದೆ. ಮನೆಯಲ್ಲಿ ಬಸುರಿ ಇದ್ದರೆ, ಹೊಸ ವಿಮೆಯಲ್ಲಿ ಹೆರಿಗೆಯ ಖರ್ಚಿಗೆ ಕಾಯುವ ಅವಧಿ ಇದೆಯೇ ಎಂದು ಬರಹದಲ್ಲಿ ತಿಳಿದುಕೊಳ್ಳುವ ತನಕ ರಾಜೀನಾಮೆ ಪತ್ರವನ್ನು ಬರೆಯಲೇಬಾರದು.

ಹೊಸ ಕಂಪನಿಯ ಕಾಗದಗಳು ಎಷ್ಟು ಚೆನ್ನಾಗಿದ್ದರೂ, ಅಲ್ಲಿ ದುಡಿಯುವವರನ್ನು ಒಮ್ಮೆ ಕಂಡು ಸಂಬಳ ಯಾವ ತಾರೀಕಿಗೆ ಖಾತೆಗೆ ಬೀಳುತ್ತದೆ ಎಂದು ಕೇಳಬೇಕು. ಎರಡು ತಿಂಗಳು ತಡವಾಗಿ ಸಂಬಳ ಕೊಡುವ ಕಂಪನಿಯ 5,000ಕ್ಕಿಂತ ತಪ್ಪದೆ ಕೊಡುವ ಕಂಪನಿಯ 4,500 ಮೇಲು. ವೀಸಾದ ಖರ್ಚನ್ನು ಸಂಬಳದಿಂದ ಮುರಿದುಕೊಳ್ಳುತ್ತೇವೆ ಎನ್ನುವ ಕಂಪನಿಗೆ ಹೋಗಲೇಬಾರದು, ಕೆಲಸಗಾರನಿಂದ ಆ ಹಣ ತೆಗೆದುಕೊಳ್ಳುವುದನ್ನು ಕಾನೂನೇ ನಿಷೇಧಿಸಿದೆ.

ಬ್ಯಾಂಕಿನಲ್ಲಿ ಸಾಲವಿದ್ದವನ ಗ್ರಾಚ್ಯುಟಿ ಖಾತೆಗೆ ಬಿದ್ದ ಕೂಡಲೇ ಬ್ಯಾಂಕು ಅದನ್ನು ತಡೆಹಿಡಿಯುವುದು ಇಲ್ಲಿ ಸಾಮಾನ್ಯ. ಆ ಹಣವನ್ನು ನಂಬಿ ಊರಿನಲ್ಲಿ ಬಾವಿ ತೋಡಲು ಮುಂಗಡ ಕೊಟ್ಟವರ ಪೇಚಾಟವನ್ನು ನಾನು ಕಂಡಿದ್ದೇನೆ. ಹೊಸ ಆಫರ್ ಲೆಟರ್ ತೋರಿಸಿ ಬ್ಯಾಂಕಿನೊಂದಿಗೆ ಮೊದಲೇ ಮಾತಾಡಿಕೊಂಡರೆ ಕಂತು ಮುಂದುವರಿಸಲು ಒಪ್ಪುವುದುಂಟು.

ಕೊನೆಯ ದಿನದ ಕಾಗದದ ಬಗ್ಗೆ ನನಗೆ ಹೆಚ್ಚು ಆತಂಕ. ವೀಸಾ ಕ್ಯಾನ್ಸಲ್ ಮಾಡಿಸುವಾಗ ಸಹಿ ಹಾಕಿಸುವ ಪತ್ರದಲ್ಲಿ, ನನಗೆ ಬರಬೇಕಾದ ಬಾಕಿಯೆಲ್ಲ ಬಂದಿದೆ ಎಂಬ ಸಾಲು ಇರುತ್ತದೆ. ಹೊಸ ಕೆಲಸಕ್ಕೆ ತಡವಾಗುತ್ತದೆಂಬ ಅವಸರದಲ್ಲಿ ನಮ್ಮ ಹುಡುಗರು ಹಣ ಬರುವ ಮೊದಲೇ ಸಹಿ ಹಾಕಿಬಿಡುತ್ತಾರೆ. ಕೆಲಸ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿಯನ್ನೂ ತೀರಿಸಬೇಕೆಂದು ಕಾನೂನು ಹೇಳುತ್ತದೆ, ತೀರಿಸದಿದ್ದರೆ ಸಚಿವಾಲಯಕ್ಕೆ ದೂರು ಕೊಡಬಹುದು, 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಆದರೆ ನಾವೇ ಸಹಿ ಹಾಕಿದ ಆ ಸಾಲು ಎದುರಿಗಿದ್ದಾಗ, ಹಣ ಬಂದಿಲ್ಲವೆಂದು ಸಾಧಿಸುವುದು ಬಹಳ ಕಷ್ಟವಾಗುತ್ತದೆ.