‘ಅಷ್ಟು ಬೇಗ ಮರೆತುಬಿಟ್ಟರೇ?’ ಎಂದು ಕೇಳುವವರಿಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಆಮಿಶ್ ಕುಟುಂಬಗಳಿಗೆ ನಾನು ಬಾಡಿಗೆಗೆ ಕಾರು ಓಡಿಸುತ್ತೇನೆ. ಆಮಿಶರು ಹಳೆಯ ಕಾಲದ ಸರಳ ಬದುಕನ್ನು ಬಿಡದ ಒಂದು ಕ್ರೈಸ್ತ ಪಂಥದವರು. ಅವರು ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ. ಕುದುರೆ ಗಾಡಿಗೆ ನಿಲುಕದ ದೂರಕ್ಕೆ ಹೋಗಬೇಕಾದಾಗ ನನ್ನಂಥವರನ್ನು ಕರೆಯುತ್ತಾರೆ. ಇದು ತಿಳಿದ ಕೂಡಲೇ, ಊರಿನಿಂದ ಬಂದ ನೆಂಟರಾಗಲಿ ಇಲ್ಲಿಯ ಕನ್ನಡದ ಸ್ನೇಹಿತರಾಗಲಿ ಕೇಳುವ ಪ್ರಶ್ನೆ ಒಂದೇ: ‘ಹೆಂಡತಿಯನ್ನೋ ಮಕ್ಕಳನ್ನೋ ಕೊಂದವನನ್ನು ಅವರು ಅಂದೇ ಕ್ಷಮಿಸುತ್ತಾರಂತೆ, ವರ್ಷ ಎರಡು ವರ್ಷದಲ್ಲಿ ಮರುಮದುವೆಯನ್ನೂ ಮಾಡಿಕೊಳ್ಳುತ್ತಾರಂತೆ. ಅವರಿಗೆ ದುಃಖವೇ ಆಗುವುದಿಲ್ಲವೇ?’

ನಾನು ಬಲ್ಲ ಒಬ್ಬರ ವಿಷಯವನ್ನೇ ಹೇಳುತ್ತೇನೆ. ಅವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಒಂದು ಅಕ್ಟೋಬರ್ ಸಂಜೆ ಅವರ ಹೆಂಡತಿ ಹೋಗುತ್ತಿದ್ದ ಗಾಡಿಗೆ ಹಿಂದಿನಿಂದ ಕಾರು ಗುದ್ದಿತು. ಕಾರು ಓಡಿಸುತ್ತಿದ್ದ ಹುಡುಗನ ಕಣ್ಣು ರಸ್ತೆಯ ಮೇಲಿರಲಿಲ್ಲ. ಮಣ್ಣು ಮಾಡಿದ ಮರುದಿನ ಇವರು ತಮ್ಮ ಇಬ್ಬರು ಅಣ್ಣಂದಿರೊಡನೆ ಆ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರಿಗೆ ಕುಳಿತು, ‘ನಿಮ್ಮ ಮಗನ ಮೇಲೆ ನಮಗೆ ದ್ವೇಷವಿಲ್ಲ’ ಎಂದು ಹೇಳಿ ಬಂದರು. ಒಂದೂವರೆ ವರ್ಷದ ಮೇಲೆ, ಅದುವರೆಗೆ ಮದುವೆಯಾಗದೆ ಆಮಿಶ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಹೆಂಗಸನ್ನು ಮದುವೆಯಾದರು.

ಹೀಗೆ ಹೇಳಿದರೆ ಎಲ್ಲವೂ ಸಲೀಸಾಗಿ ನಡೆದಂತೆ ಕೇಳುತ್ತದೆ. ಆದರೆ ಆ ಹುಡುಗನ ಮನೆಗೆ ಹೋಗುವ ನಿರ್ಧಾರ ಅವರೊಬ್ಬರೇ ಒಂದು ರಾತ್ರಿಯಲ್ಲಿ ಮಾಡಿದ್ದಲ್ಲ. ಅದರ ಹಿಂದೆ ಅವರ ಪಂಥದ ಹಳೆಯ ಕಥೆಗಳೂ ರೂಢಿಗಳೂ ಇವೆ. 1569ರಲ್ಲಿ ನೆದರ್‌ಲ್ಯಾಂಡ್ಸಿನ ಡಿರ್ಕ್ ವಿಲೆಮ್ಸ್ ಎಂಬಾತ, ಮುಂದೆ ಆಮಿಶರ ಪಂಥ ಹುಟ್ಟಿಬಂದ ಅದೇ ನಂಬಿಕೆಗಾಗಿ ಸೆರೆಯಲ್ಲಿದ್ದವನು, ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದಾಗ, ಬೆನ್ನಟ್ಟಿ ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ಹಿಂದಿರುಗಿ ಬಂದು ಅವನನ್ನು ಮೇಲಕ್ಕೆ ಎಳೆದ, ಅದರಿಂದಲೇ ಸಿಕ್ಕಿಬಿದ್ದ, ಕಡೆಗೆ ಅವನನ್ನು ಸುಟ್ಟು ಕೊಂದರು. ಈ ಕಥೆಯನ್ನು ಕೇಳದೆ ಬೆಳೆದ ಆಮಿಶರು ಅಪರೂಪ. ‘ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು’ ಎಂಬ ಯೇಸುವಿನ ಪ್ರಾರ್ಥನೆಯನ್ನು ಅವರು ಅಕ್ಷರಶಃ ನಂಬುತ್ತಾರೆ: ಬೇರೆಯವರನ್ನು ಕ್ಷಮಿಸದವನಿಗೆ ದೇವರ ಕ್ಷಮೆ ಸಿಗುವುದಿಲ್ಲ. ಯೇಸುವಿನ ಕಡೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ ವರ್ಷಕ್ಕೆರಡು ಸಲ ನಡೆಯುತ್ತದೆ. ಅದಕ್ಕೆ ಮುಂಚೆ, ಸಭೆಯಲ್ಲಿ ಯಾರ ನಡುವೆಯೂ ವೈಮನಸ್ಯ ಉಳಿದಿಲ್ಲವೇ ಎಂದು ವಿಚಾರಿಸುತ್ತಾರೆ. ಉಳಿದಿದ್ದರೆ ಆ ಸಂಸ್ಕಾರವನ್ನೇ ಮುಂದಕ್ಕೆ ಹಾಕುವುದುಂಟು.

2006ರ ಅಕ್ಟೋಬರ್ 2ರಂದು ಇದೇ ಕೌಂಟಿಯ ನಿಕೆಲ್ ಮೈನ್ಸ್‌ನಲ್ಲಿ ನಡೆದದ್ದನ್ನು ಹಲವರು ಓದಿರುತ್ತೀರಿ. ಹಾಲಿನ ಲಾರಿ ಓಡಿಸುತ್ತಿದ್ದ, ಆಮಿಶನಲ್ಲದ ಅಲ್ಲಿಯವನೇ ಒಬ್ಬ ಆಮಿಶ್ ಶಾಲೆಗೆ ನುಗ್ಗಿ ಹತ್ತು ಹೆಣ್ಣುಮಕ್ಕಳಿಗೆ ಗುಂಡು ಹೊಡೆದು, ತಾನೂ ಹೊಡೆದುಕೊಂಡು ಸತ್ತ. ಆಗ ಐದು ಮಕ್ಕಳು ತೀರಿಕೊಂಡರು. ಅಂದು ಕತ್ತಲಾಗುವಷ್ಟರಲ್ಲಿ ಆಮಿಶರು ಅವನ ಹೆಂಡತಿಗೂ ತಂದೆಗೂ ಸಾಂತ್ವನ ಹೇಳಲು ಹೋಗಿದ್ದರು. ಅವನನ್ನು ಮಣ್ಣು ಮಾಡುವಾಗ ಅಲ್ಲಿ ನಿಂತವರಲ್ಲಿ ತಮ್ಮ ಮಗಳನ್ನು ಆಗಷ್ಟೇ ಮಣ್ಣು ಮಾಡಿ ಬಂದ ತಂದೆತಾಯಂದಿರೂ ಇದ್ದರು. ಜಗತ್ತು ಅಷ್ಟನ್ನು ನೋಡಿ ಬೆರಗಾಯಿತು. ಆ ಮನೆಗಳಲ್ಲಿ ಮುಂದಿನ ಎಷ್ಟೋ ವರ್ಷ ರಾತ್ರಿಗಳು ಹೇಗೆ ಕಳೆದವು ಎಂಬುದು ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

ಒಮ್ಮೆ ಕಾರಿನಲ್ಲಿ ನಾನು, ಹೆಂಡತಿಯನ್ನು ಕಳೆದುಕೊಂಡ ಆ ಪರಿಚಿತರನ್ನು ನೇರವಾಗಿಯೇ ಕೇಳಿದೆ. ಬಹಳ ಹೊತ್ತು ಹೊರಗೆ ನೋಡುತ್ತಿದ್ದು ಅವರು ಹೇಳಿದರು: ‘ಅವತ್ತು ಬಾಯಲ್ಲಿ ಕ್ಷಮಿಸಿದೆ. ಬೆಳಗ್ಗೆ ನಾಲ್ಕೂವರೆಗೆ ಹಾಲು ಕರೆಯಲು ಕೂತಾಗ ಆ ಹುಡುಗನ ಮುಖ ಕಣ್ಣೆದುರು ಬರುತ್ತಿತ್ತು, ಆಗ ಮತ್ತೆ ಕ್ಷಮಿಸಬೇಕಾಗುತ್ತಿತ್ತು. ಕೆಲವು ದಿನ ಆಗುತ್ತಲೇ ಇರಲಿಲ್ಲ.’ ಶಿಕ್ಷೆಯ ಮಾತು ಬಂದಾಗ, ಅದು ಸರ್ಕಾರದ ಕೆಲಸ, ಅದಕ್ಕೆ ತಾವು ಅಡ್ಡ ಬರುವುದಿಲ್ಲ ಎಂದರು. ಅಂದರೆ ಅವರ ಕ್ಷಮೆ ಮರೆವೂ ಅಲ್ಲ, ತಪ್ಪನ್ನು ತಪ್ಪಲ್ಲವೆನ್ನುವುದೂ ಅಲ್ಲ. ಮೊದಲು ಮಾತು ಕೊಟ್ಟು, ಆ ಮಾತಿಗೆ ತಕ್ಕಂತೆ ಮನಸ್ಸನ್ನು ದಿನದಿನವೂ ಪಳಗಿಸಿಕೊಳ್ಳುವುದು. ಇಷ್ಟು ಹೇಳುವಾಗ ಒಂದನ್ನು ಮುಚ್ಚಿಡಲಾರೆ. ಸಮುದಾಯದೊಳಗೆ ಹೆಂಗಸರ ಮೇಲೆ, ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನೂ ಕ್ಷಮೆಯ ಹೆಸರಿನಲ್ಲಿ ಅಡಗಿಸಿದ ಪ್ರಕರಣಗಳು ಬೆಳಕಿಗೆ ಬಂದಿವೆ. ನೊಂದವರನ್ನು ಬಲವಂತದಿಂದ ಕ್ಷಮಿಸುವಂತೆ ಮಾಡುವುದು ಅನ್ಯಾಯ, ಅದನ್ನು ನಾನು ಒಪ್ಪುವುದಿಲ್ಲ.

ಇನ್ನು ದುಃಖದ ಮಾತು. ಲ್ಯಾಂಕಾಸ್ಟರಿನಲ್ಲಿ ಆಮಿಶ್ ಹೆಂಗಸು ಮದುವೆಯ ದಿನ ಉಟ್ಟ ಬಿಳಿಯ ಏಪ್ರನ್ನನ್ನು ಎತ್ತಿಡುತ್ತಾಳೆ. ಅದನ್ನು ಅವಳಿಗೆ ಮತ್ತೆ ತೊಡಿಸುವುದು ಶವಪೆಟ್ಟಿಗೆಯಲ್ಲಿ ಮಲಗಿಸುವಾಗ. ಪೆಟ್ಟಿಗೆ ಸಾದಾ ಮರದ್ದು, ಗುಂಡಿಯನ್ನು ತಮ್ಮವರೇ ಕೈಯಿಂದ ತೋಡುತ್ತಾರೆ. ಸತ್ತ ಮನೆಯ ಅಡುಗೆಯನ್ನೂ ಕೊಟ್ಟಿಗೆಯ ಕೆಲಸವನ್ನೂ ನೆರೆಯವರು ವಹಿಸಿಕೊಳ್ಳುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಭಾನುವಾರದ ಸಂಜೆಗಳಲ್ಲಿ ಯಾರಾದರೊಬ್ಬರು ಬಂದು ಕೂರುತ್ತಾರೆ, ಹೆಚ್ಚು ಮಾತಾಡುವುದೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಹೋಗಿ ಸುಮ್ಮನೆ ಜಗುಲಿಯ ಮೇಲೆ ಕೂತು ಬರುತ್ತಿದ್ದ ಹಿರಿಯರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮರುಮದುವೆಗೆ ಕಾರಣಗಳು ಮೊದಲು ಮನೆಯವೇ: ಆರೇಳು ಮಕ್ಕಳು, ದನಕರು, ಹೊಲ. ವಿಚ್ಛೇದನಕ್ಕೆ ಅಲ್ಲಿ ಜಾಗವಿಲ್ಲ. ಸಾವಿನಿಂದ ಬಿಡುಗಡೆಯಾದವರು ಮಾತ್ರ, ಗಂಡಸಾಗಲಿ ಹೆಂಗಸಾಗಲಿ, ಮತ್ತೆ ಮದುವೆಯಾಗಬಹುದು. ಅಗತ್ಯದಿಂದ ಶುರುವಾದದ್ದು ಪ್ರೀತಿಯಾಗಲಾರದೆಂದು ಭಾವಿಸುವವರು ನಮ್ಮ ಅಜ್ಜ ಅಜ್ಜಿಯರ ಮದುವೆಗಳನ್ನು ನೆನೆಯಬಹುದು.

ಹೊಸ ಹೆಂಡತಿ ಬಂದ ವರ್ಷದ ಆಗಸ್ಟ್‌ನಲ್ಲಿ ನಾನು ತೋಟದಿಂದ ಪೀಚ್ ಹಣ್ಣಿನ ಬುಟ್ಟಿಗಳನ್ನು ಅವರ ಮನೆಗೆ ತಂದುಕೊಟ್ಟೆ. ಚಳಿಗಾಲಕ್ಕೆಂದು ಅವುಗಳನ್ನು ಸಕ್ಕರೆ ಪಾಕದಲ್ಲಿ ಹಾಕಿ ಗಾಜಿನ ಜಾಡಿಗಳಲ್ಲಿ ಕಟ್ಟಿಡುವ ಕೆಲಸ ನಡೆದಿತ್ತು. ತೀರಿಕೊಂಡಾಕೆ ತುಂಬಿಟ್ಟ ಜಾಡಿಗಳಲ್ಲಿ ಒಂದೇ ಒಂದು ನೆಲಮಾಳಿಗೆಯಲ್ಲಿ ಉಳಿದಿತ್ತು, ಮುಚ್ಚಳದ ಮೇಲೆ ಅವರ ಕೈಬರಹದಲ್ಲಿ ವರ್ಷ. ಅದನ್ನು ಯಾರೂ ಮುಟ್ಟಿರಲಿಲ್ಲ. ‘ಅಮ್ಮ ಸಕ್ಕರೆ ಎಷ್ಟು ಹಾಕುತ್ತಿದ್ದರು?’ ಎಂದು ಹೊಸ ತಾಯಿ ದೊಡ್ಡ ಹುಡುಗಿಯನ್ನು ಕೇಳಿದರು. ಹುಡುಗಿಗೆ ಅಳತೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಕೆಳಗಿಳಿದು ಹೋಗಿ ಆ ಜಾಡಿಯನ್ನು ತಂದು ಮೇಜಿನ ಮೇಲಿಟ್ಟಳು. ಎಲ್ಲರೂ ಒಂದೊಂದು ಹೋಳು ತಿಂದರು, ನನಗೂ ಕೊಟ್ಟರು. ಮಕ್ಕಳ ತಂದೆ ತಮ್ಮ ಹೋಳನ್ನು ತಿಂದು ಕೊಟ್ಟಿಗೆಯ ಕಡೆ ಹೊರಟುಹೋದರು. ತುಸು ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು, ಒಲೆಯ ಮುಂದೆ ನಿಂತಿದ್ದ ಹೆಂಡತಿಯ ಪಕ್ಕದಲ್ಲಿ ನಿಂತು ಪಾಕದ ರುಚಿ ನೋಡಿದರು. ‘ಅವಳದ್ದು ಇನ್ನೂ ಸ್ವಲ್ಪ ಸಪ್ಪೆ’ ಎಂದರು. ಅವರ ಹೆಂಡತಿ ಪಾಕಕ್ಕೆ ಇನ್ನೊಂದು ಲೋಟ ನೀರು ಹಾಕಿದರು.