ರಾಯಭಾರಿ ಇರುವಾಗ ಮಂತ್ರಿ ಏಕೆ ಹೋಗಬೇಕು?

ದೆಹಲಿಯಲ್ಲಿ ಸಚಿವರ ವಿದೇಶ ಪ್ರವಾಸಗಳ ಕಡತ ನೋಡಿಕೊಳ್ಳುತ್ತಿದ್ದು, ನಿವೃತ್ತನಾಗಿ ಪೊನ್ನಂಪೇಟೆಗೆ ಮರಳಿದ ನನಗೆ ಮದುವೆ ಮನೆಯಿರಲಿ, ಗೋಣಿಕೊಪ್ಪದ ಸಂತೆಯಿರಲಿ, ಎದುರಾಗುವುದು ಒಂದೇ ಪ್ರಶ್ನೆ: "ಅಲ್ಲೊಬ್ಬರು ರಾಯಭಾರಿ ಇರುತ್ತಾರಲ್ಲ, ವಿಡಿಯೊ ಕರೆಯೂ ಇದೆ. ಎರಡು ದಿನಕ್ಕೆಂದು ಮಂತ್ರಿ ಏಕೆ ವಿಮಾನ ಹತ್ತಬೇಕು?" ಕೇಳುವವರ ತುಟಿಯಂಚಿನ ನಗು ನನಗೆ ಅರ್ಥವಾಗುತ್ತದೆ. ಸುತ್ತಾಟಕ್ಕೆಂದೇ ಹೋಗುವವರೂ ಇದ್ದಾರೆ. ಅವರ ವಕಾಲತ್ತು ನನ್ನದಲ್ಲ.

ರಾಯಭಾರಿಯ ಬೆಲೆ ಕೊಡಗಿಗೆ ಗೊತ್ತು. ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್, ಅಂದರೆ ಕಾಮನ್‌ವೆಲ್ತ್ ದೇಶಗಳಲ್ಲಿನ ರಾಯಭಾರಿ, ಆದರು. ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಬಡ್ತಿಯಲ್ಲಿ ಅನ್ಯಾಯವಾಯಿತೆಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಸರ್ಕಾರವನ್ನೇ ತಿದ್ದಿಕೊಳ್ಳುವಂತೆ ಮಾಡಿದ ಗಟ್ಟಿಗಿತ್ತಿ. ಆದರೆ ಎಂಥ ಗಟ್ಟಿಗರೇ ಆಗಲಿ, ರಾಯಭಾರಿ ದೆಹಲಿ ಒಪ್ಪಿದ್ದನ್ನಷ್ಟೇ ಆಡಬಹುದು. ಪಟ್ಟು ಸಡಿಲಿಸುವ ಅಧಿಕಾರ ಮಂತ್ರಿಯದು, ಒಪ್ಪಂದದ ಮಾತಾದರೆ ಸಂಪುಟದ್ದು.

ಇದು ಅರ್ಧ ಉತ್ತರ. ನನ್ನ ಮಟ್ಟಿಗೆ ಪ್ರವಾಸದ ದೊಡ್ಡ ಉಪಯೋಗವೆಂದರೆ ಅದರ ತಾರೀಖು. ಗಡುವಿಲ್ಲದ ಕಡತ ಮೇಜಿನಿಂದ ಮೇಜಿಗೆ ತೆವಳುತ್ತಲೇ ಇರುತ್ತದೆ. ಇಂಥ ದಿನ ಇಬ್ಬರು ಮಂತ್ರಿಗಳು ಎದುರುಬದುರು ಕೂರುತ್ತಾರೆ ಎಂದು ಗೊತ್ತಾದರೆ ಸಾಕು, ಎರಡೂ ದೇಶಗಳ ಕಾನೂನು, ಹಣಕಾಸು, ವಾಣಿಜ್ಯ ಇಲಾಖೆಗಳಿಗೆ ಎಚ್ಚರವಾಗುತ್ತದೆ.

ಆ ತಾರೀಖು ಹಿಡಿಯುವುದೇ ಹರಸಾಹಸ. ಪುತ್ತರಿಗೆ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತುಮಾಡಿದರೆ ಇಡೀ ನಾಡು ಒಪ್ಪುವಂತೆ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಸಂಸತ್ ಅಧಿವೇಶನ, ಅವರಲ್ಲಿ ಚುನಾವಣೆ. ಆಗಸ್ಟ್‌ನಲ್ಲಿ ಯುರೋಪಿನ ಅರ್ಧ ಕಚೇರಿ ರಜೆಯಲ್ಲಿರುತ್ತದೆ. ಜೊತೆಗೆ ಅನುಮತಿಗಳು: ಕೇಂದ್ರ ಸಚಿವರಿಗೆ ಪ್ರಧಾನಿಯವರ ಒಪ್ಪಿಗೆ ಬೇಕು, ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ (ಈ ಪ್ರವಾಸಕ್ಕೆ ವಿದೇಶಾಂಗ ನೀತಿಯ ದೃಷ್ಟಿಯಿಂದ ಅಡ್ಡಿಯಿಲ್ಲ ಎಂಬ ಒಪ್ಪಿಗೆ) ಬೇಕು, ಆತಿಥ್ಯ ವಿದೇಶದವರದಾದರೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ಗೃಹ ಸಚಿವಾಲಯದ ಸಮ್ಮತಿಯೂ ಬೇಕು. ರಾಜ್ಯದ ಮಂತ್ರಿಗಳೂ ರಾಜಕೀಯ ಅನುಮತಿಯಿಂದ ಹೊರತಲ್ಲ. 2025ರ ಜೂನ್‌ನಲ್ಲಿ ಪ್ರಿಯಾಂಕ್ ಖರ್ಗೆಯವರ ಅಮೆರಿಕ ಪ್ರವಾಸಕ್ಕೆ ಮೊದಲು ಇಲ್ಲವೆಂದು, ಗದ್ದಲವಾದ ಮೇಲೆ ಆಗಲೆಂದು ಹೇಳಿದ್ದು ನೆನಪಿರಬಹುದು. ನಿರಾಕರಿಸುವುದಾದರೆ ಕಾರಣವನ್ನೂ ಬರೆದು ಕೊಡಬೇಕು ಎಂಬುದು ನನ್ನ ಹಳೆಯ ಹಟ.

ನಿಜವಾದ ಕುಸ್ತಿ ಜಂಟಿ ಹೇಳಿಕೆಯ ಕರಡಿನಲ್ಲಿ ನಡೆಯುತ್ತದೆ. ಒಮ್ಮತವಾಗದ ಪದಗಳನ್ನು ಚೌಕಾಕಾರದ ಆವರಣದೊಳಗೆ ಹಾಕಿ ಎದುರು ಪಕ್ಷಕ್ಕೆ ಕಳಿಸುತ್ತಾರೆ. ಅವರು ಒಂದು ಆವರಣ ತೆಗೆದು ಇನ್ನೆರಡು ಸೇರಿಸಿ ಹಿಂದಿರುಗಿಸುತ್ತಾರೆ. ರಾಯಭಾರ ಕಚೇರಿಯವರು ಅಲ್ಲಿ, ಆಯಾ ದೇಶದ ವ್ಯವಹಾರ ನೋಡುವ ವಿಭಾಗದವರು ಇಲ್ಲಿ, ರಾತ್ರಿಯೆಲ್ಲ ಇದನ್ನೇ ತಿದ್ದುತ್ತಾರೆ. ಮಂತ್ರಿ ಇಳಿಯುವ ಹೊತ್ತಿಗೆ ಒಂದೋ ಎರಡೋ ಆವರಣ ಉಳಿದಿದ್ದರೆ ತಯಾರಿ ಚೆನ್ನಾಗಿದೆ ಎಂದರ್ಥ. ಆ ಒಂದೆರಡಕ್ಕಾಗಿಯೇ ಅವರು ಹೋಗುವುದು. ಪುಟ ತುಂಬ ಆವರಣಗಳಿದ್ದರೆ ಹೋಗದಿರುವುದೇ ಲೇಸು. ಹೂಗುಚ್ಛ, ಧ್ವಜ, ಯಾರ ಪಕ್ಕ ಯಾರು ಎಂಬುದನ್ನು ಶಿಷ್ಟಾಚಾರದವರು ನೋಡಿಕೊಳ್ಳುತ್ತಾರೆ. ಉಡುಗೊರೆ ಬಂದರೆ ತೋಷಾಖಾನೆಗೆ, ಅಂದರೆ ಸರ್ಕಾರದ ಉಡುಗೊರೆ ಭಂಡಾರಕ್ಕೆ, ಒಪ್ಪಿಸಬೇಕು.

ನಮಗೇನು ಎನ್ನುವ ಬೆಳೆಗಾರರಿಗೆ ಒಂದು ಮಾತು. ನಮ್ಮ ದೇಶದ ಕಾಫಿಯ ಬಹುಪಾಲು ಹೊರಗೆ ಹೋಗುತ್ತದೆ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ, ತೋಟದ ಸ್ಥಳ ನಿರ್ದೇಶಾಂಕ (ಅಕ್ಷಾಂಶ, ರೇಖಾಂಶ) ಕೊಡಿ ಎಂಬ ಕಾನೂನನ್ನು ಐರೋಪ್ಯ ಒಕ್ಕೂಟ 2023ರಲ್ಲಿ ತಂದಿದೆ. ಅದರ ಜಾರಿ ಮುಂದಕ್ಕೆ ಹೋಗಿದೆ. ನೆರಳು ಮರಗಳ ಕೆಳಗಿನ ನಮ್ಮ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣುತ್ತದೆ. ಈ ತೊಡಕನ್ನು ವಾಣಿಜ್ಯ ಸಚಿವರು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಎತ್ತಬೇಕಾದರೆ ಅದು ಮೊದಲೇ ಅವರ ಟಿಪ್ಪಣಿಯಲ್ಲಿ ಸೇರಿರಬೇಕು. ಹಾರ ಹಾಕುತ್ತಾ ಕೈಗಿಡುವ ಮನವಿ ಆಪ್ತ ಸಹಾಯಕರ ಚೀಲ ಸೇರುತ್ತದೆ, ಅಷ್ಟೇ. ಪ್ರವಾಸದ ಸುದ್ದಿ ಪತ್ರಿಕೆಗೆ ಬರುವ ಮುಂಚೆಯೇ ಕಾಫಿ ಮಂಡಳಿಯ ಮೂಲಕ ಸಚಿವಾಲಯಕ್ಕೆ ಬರೆಯಿರಿ: ಯಾವ ಕಲಮು ತೊಡಕು, ಅದರಲ್ಲಿ ಯಾವ ಬದಲಾವಣೆ ಬೇಕು, ಎಷ್ಟು ಎಕರೆಯವರಿಗೆ ತೊಂದರೆ. ಒಂದೇ ಪುಟದಲ್ಲಿ.