ಪ್ರೀತಿಸುತ್ತಿದ್ದನು, ಆದ್ದರಿಂದ ತಡಮಾಡಿದನು

ಯೋಹಾನ 11ರ 5 ಮತ್ತು 6ನೇ ವಚನಗಳನ್ನು ನಡುವೆ ನಿಲ್ಲಿಸದೆ ಒಟ್ಟಿಗೆ ಓದಿ. ಮಾರ್ಥಳನ್ನೂ ಆಕೆಯ ತಂಗಿಯನ್ನೂ ಅವರ ಸಹೋದರ ಲಾಜರನನ್ನೂ ಯೇಸು ಪ್ರೀತಿಸುತ್ತಿದ್ದನು ಎಂದು ಮೊದಲ ವಚನ ಹೇಳುತ್ತದೆ. ಲಾಜರನಿಗೆ ಕಾಯಿಲೆ ಎಂದು ಕೇಳಿದ ಮೇಲೆ ತಾನಿದ್ದಲ್ಲೇ ಇನ್ನೂ ಎರಡು ದಿನ ಉಳಿದನು ಎಂದು ಮುಂದಿನದು ಹೇಳುತ್ತದೆ. ಗ್ರೀಕ್ ಮೂಲದಲ್ಲಿ ಇವೆರಡನ್ನು ಬೆಸೆಯುವ ಪುಟ್ಟ ಪದ 'ಊನ್'. ಅದಕ್ಕೆ 'ಆದ್ದರಿಂದ', 'ಹೀಗಿರಲು' ಎಂಬ ಅರ್ಥವಿದೆ. 'ಆದರೂ' ಎಂಬ ಅರ್ಥವಿಲ್ಲ. ಆತನು ಅವರ ಊರಾದ ಬೇಥಾನ್ಯಕ್ಕೆ ಬಂದಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿತ್ತು.

ಆ ನಾಲ್ಕು ದಿನಗಳಲ್ಲಿ ಕಣ್ಣಿಗೆ ಕಂಡದ್ದನ್ನೇ ಅಳತೆಗೋಲು ಮಾಡಿಕೊಂಡಿದ್ದರೆ, ಯೇಸುವಿಗೆ ತಮ್ಮ ಮೇಲೆ ಪ್ರೀತಿಯೇ ಇಲ್ಲ ಎಂದು ಆ ಅಕ್ಕತಂಗಿಯರು ತೀರ್ಮಾನಿಸಬೇಕಿತ್ತು. ದೇವರು ನನ್ನನ್ನು ಇನ್ನೂ ಪ್ರೀತಿಸುತ್ತಾನೋ ಇಲ್ಲವೋ ಎಂದು ಒದ್ದಾಡುವ ವಿಶ್ವಾಸಿಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಉತ್ತರ ಸಿಗದ ಪ್ರಾರ್ಥನೆ, ಒಣಗಿದ ಮನಸ್ಸು, ಮತ್ತೆ ಮಾಡಿದ ಅದೇ ಪಾಪ: ಇವುಗಳಲ್ಲಿ ಯಾವುದಾದರೊಂದನ್ನು ಹಿಡಿದು ದೇವರ ಹೃದಯವನ್ನು ಅಳೆಯಲು ಹೊರಡುತ್ತಾರೆ.

ಸತ್ಯವೇದ ಸಾಕ್ಷಿಯನ್ನು ಬೇರೆ ಕಡೆ ಇಟ್ಟಿದೆ. ರೋಮಾಪುರದವರಿಗೆ 5:8ರಲ್ಲಿ ಪೌಲನು ಬಳಸುವ ಕ್ರಿಯಾಪದಗಳ ಕಾಲವನ್ನು ಗಮನಿಸಿ. ದೇವರು ತನ್ನ ಪ್ರೀತಿಯನ್ನು ತೋರಿಸುತ್ತಾನೆ ಎಂಬುದು ವರ್ತಮಾನ, ಕ್ರಿಸ್ತನು ಸತ್ತನು ಎಂಬುದು ಭೂತ. ಇವತ್ತಿನ ಪ್ರೀತಿಗೆ ಸಾಕ್ಷಿ, ಆಗಿ ಮುಗಿದಿರುವ ಶಿಲುಬೆ. ಅದು ನಮ್ಮ ಮನಸ್ಸಿನ ಜೊತೆ ಏರುವುದಿಲ್ಲ, ಇಳಿಯುವುದೂ ಇಲ್ಲ. 6ರಿಂದ 10ರವರೆಗೆ ನಮಗೆ ಪೌಲನು ಕೊಡುವ ಹೆಸರುಗಳನ್ನೂ ನೋಡಿ: ಬಲಹೀನರು, ಭಕ್ತಿಹೀನರು, ಪಾಪಿಗಳು, ವೈರಿಗಳು. ಅದಾದ ಮೇಲೆ 9 ಮತ್ತು 10ರಲ್ಲಿ 'ಎಷ್ಟೋ ಹೆಚ್ಚಾಗಿ' ಎಂಬ ಮಾತು ಎರಡು ಸಲ ಬರುತ್ತದೆ. ವೈರಿಗಳಾಗಿದ್ದವರಿಗಾಗಿ ಮಗನನ್ನೇ ಕೊಟ್ಟವನು, ಸಂಧಾನವಾದ ಮೇಲೆ ಕೈಬಿಡುತ್ತಾನೆಯೇ? ವಾದದ ಬಲವೆಲ್ಲ ಅಲ್ಲಿದೆ.

ಇದು ಹೊಸ ಒಡಂಬಡಿಕೆಯಲ್ಲಿ ಹುಟ್ಟಿದ ಮಾತೇನಲ್ಲ. ಧರ್ಮೋಪದೇಶಕಾಂಡ 7:7-8ರಲ್ಲಿ ಮೋಶೆ ಇಸ್ರಾಯೇಲ್ಯರಿಗೆ, ನೀವು ಹೆಚ್ಚು ಜನರಿದ್ದೀರಿ ಎಂದು ಕರ್ತನು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ನಿಮ್ಮನ್ನು ಪ್ರೀತಿಸಿದ್ದರಿಂದಲೇ ಆರಿಸಿಕೊಂಡನು ಎನ್ನುತ್ತಾನೆ. ಏಕೆ ಪ್ರೀತಿಸಿದನು ಎಂದು ಕೇಳಿದರೆ, ಪ್ರೀತಿಸಿದನು ಎಂಬುದೇ ಉತ್ತರ. ಕಾರಣ ನಮ್ಮಲ್ಲಿ ಇರಲೇ ಇಲ್ಲ. ಹಾಗಾಗಿ ನಮ್ಮಿಂದ ಅದು ಕಳೆದುಹೋಗುವುದೂ ಇಲ್ಲ.

ಕಷ್ಟ ಬಂದಾಗ ಕನ್ನಡದ ಓದುಗರಿಗೆ ಒಂದು ಪದ ತೊಡಕಾಗುತ್ತದೆ. ಇಬ್ರಿಯರಿಗೆ 12:6ರಲ್ಲಿ ಕರ್ತನು ತಾನು ಪ್ರೀತಿಸುವವನನ್ನೇ ಶಿಕ್ಷಿಸುತ್ತಾನೆ ಎಂದು ಓದಿದಾಗ ಕಿವಿಗೆ ಕೇಳುವುದು ನ್ಯಾಯಾಲಯದ ಶಿಕ್ಷೆ. ಅಲ್ಲಿನ ಗ್ರೀಕ್ ಮೂಲ 'ಪೈದೇಯ', ಮಗುವನ್ನು ತಿದ್ದಿ ಬೆಳೆಸುವುದು. ನಮ್ಮ 'ಶಿಕ್ಷೆ'ಗೂ 'ಶಿಕ್ಷಣ'ಕ್ಕೂ ಬೇರು ಒಂದೇ ಎಂದು ನೆನಪಿಟ್ಟರೆ ಅರ್ಥ ಸರಿಹೋಗುತ್ತದೆ. ಅಪರಾಧಿ ಎಂಬ ತೀರ್ಪು ಬೇರೆ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಆ ತೀರ್ಪು ಇಲ್ಲವೆಂದು ರೋಮಾಪುರದವರಿಗೆ 8:1 ಹೇಳಿಬಿಟ್ಟಿದೆ. ಹಾಗೆಂದು ಪ್ರತಿಯೊಂದು ನೋವಿಗೂ ಒಂದು ಪಾಪವನ್ನು ಹುಡುಕಿ ಅಂಟಿಸಬಾರದು. ಯೋಬನ ಸ್ನೇಹಿತರು ಮಾಡಿದ್ದು ಅದನ್ನೇ, ದೇವರು ಅವರನ್ನು ಖಂಡಿಸಿದನು.

ಪಾಪ ಮಾಡಿದಾಗ? ಮಗ ಅಥವಾ ಮಗಳು ಎಂಬ ಸಂಬಂಧ ಕಡಿಯುವುದಿಲ್ಲ, ಅದರ ಸಂತೋಷ ಕಡಿಯುತ್ತದೆ. ಕೀರ್ತನೆ 51:12ರಲ್ಲಿ ದಾವೀದನು ರಕ್ಷಣೆಯ ಆನಂದವನ್ನು ತಿರುಗಿ ಕೊಡು ಎಂದು ಬೇಡುತ್ತಾನೆ. ಪಾಪವನ್ನು ಅರಿಕೆಮಾಡುವಾಗ ಹೆಸರು ಹಿಡಿದು ಅರಿಕೆಮಾಡಿ. 'ಎಲ್ಲ ತಪ್ಪುಗಳನ್ನು ಕ್ಷಮಿಸು' ಎಂದು ಒಟ್ಟಾರೆ ಹೇಳಿದರೆ ಕ್ಷಮೆಯೂ ಮಸುಕಾಗಿಯೇ ತೋರುತ್ತದೆ. ಬಳಿಕ ನಿಲ್ಲಿಸಿ. ಲೂಕ 15ರಲ್ಲಿ ಮನೆ ಬಿಟ್ಟು ಹೋಗಿ ತಿರುಗಿ ಬಂದ ಕಿರಿಮಗ ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದು ಮೂರು ಮಾತು: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳನ್ನಾಗಿ ಇಟ್ಟುಕೋ. ತಂದೆಯ ಎದುರು ಮೊದಲೆರಡನ್ನು ಹೇಳಿದನು, ಮೂರನೆಯದಕ್ಕೆ ತಂದೆ ಅವಕಾಶವನ್ನೇ ಕೊಡಲಿಲ್ಲ. ಆ ಮೂರನೆಯ ಮಾತನ್ನು ಪೂರ್ತಿ ಹೇಳಿ ಮುಗಿಸಲು ಹೋಗಿ, ವಾರಗಟ್ಟಲೆ ಉಪವಾಸ, ಹರಕೆ ಎಂದು ಕೂಲಿ ಮಾಡುವವರು ಎಷ್ಟೋ ಜನ. ಇನ್ನೊಂದು ತುದಿಯಲ್ಲಿ, ಹೇಗೂ ಪ್ರೀತಿಸುತ್ತಾನಲ್ಲ ಎಂದು ಪಾಪದಲ್ಲೇ ಉಳಿಯುವವರು ಯೋಹಾನ 15:9-10ನ್ನು ಓದಲಿ. ನನ್ನ ಪ್ರೀತಿಯಲ್ಲಿ ನೆಲೆಗೊಳ್ಳಿರಿ ಎಂದ ಯೇಸುವೇ, ಆಜ್ಞೆಗಳನ್ನು ಕೈಕೊಂಡು ನಡೆಯುವುದೇ ಅದರ ದಾರಿ ಎಂದಿದ್ದಾನೆ.

ಅಭ್ಯಾಸಕ್ಕೆ ರೋಮಾಪುರದವರಿಗೆ 8:31-39 ಸಾಕು, ಒಂಬತ್ತೇ ವಚನ. ಒಂದು ವಾರ, ದಿನಕ್ಕೆ 15 ನಿಮಿಷ, ಬಾಯಿಬಿಟ್ಟು ಓದಿ. ಪರಿಚಿತ ವಚನಗಳ ಮೇಲೆ ಕಣ್ಣು ಜಾರಿಬಿಡುತ್ತದೆ, ನಾಲಿಗೆ ಅಷ್ಟು ಬೇಗ ಜಾರುವುದಿಲ್ಲ. 35ನೇ ವಚನದಲ್ಲಿ ಏಳು ಸಂಗತಿಗಳಿವೆ: ಕಷ್ಟ, ಸಂಕಟ, ಹಿಂಸೆ, ಹಸಿವು, ಬೆತ್ತಲೆ, ಅಪಾಯ, ಕತ್ತಿ. ಅವನ್ನು ಕಾಗದದ ಎಡಗಡೆ ಬರೆದು, ನಿಮ್ಮ ಈಗಿನ ತೊಂದರೆ ಯಾವುದರ ಸಾಲಿಗೆ ಬರುತ್ತದೋ ಅಲ್ಲಿ ಅದನ್ನು ಬರೆಯಿರಿ. 36ನ್ನು ಹಾರಿಸಬೇಡಿ. ಅದು ಕೀರ್ತನೆ 44ರ ಗೋಳು. ಪ್ರೀತಿಸಲ್ಪಟ್ಟವರೂ ಕೊಯ್ಗುರಿಗಳಂತೆ ಎಣಿಸಲ್ಪಡುತ್ತಾರೆ ಎಂಬ ನೇರ ಮಾತು. ಅದನ್ನು ಬಿಟ್ಟು 37ಕ್ಕೆ ಓಡಿದರೆ ಜಯದ ಮಾತು ಟೊಳ್ಳಾಗಿ ಕೇಳಿಸುತ್ತದೆ. 38-39ರ ಹತ್ತು ಸಂಗತಿಗಳಲ್ಲಿ ಈಗಿನದೂ ಇದೆ, ಮುಂದಿನದೂ ಇದೆ. ಹಿಂದಿನದು ಹೆಸರಿಟ್ಟು ಬಂದಿಲ್ಲ. ಹಿಂದಿನ ತಪ್ಪುಗಳ ದೂರಿಗೆ 33-34ರಲ್ಲೇ ಉತ್ತರವಾಗಿದೆ: ನೀತಿವಂತನೆಂದು ನಿರ್ಣಯಿಸುವವನು ದೇವರೇ, ದೂರುವವರು ಯಾರು?

ಮೂರನೆಯ ದಿನಕ್ಕೆ ಏನೂ ಅನಿಸದೆ ಬಿಟ್ಟುಬಿಡುವವರು ಬಹಳ. ಅನುಭವವನ್ನು ಹಿಂಡಿ ತೆಗೆಯಲು ಆಗುವುದಿಲ್ಲ. ದೇವರ ಪ್ರೀತಿಯನ್ನು ಹೃದಯದಲ್ಲಿ ಸುರಿಯುವುದು ಪವಿತ್ರಾತ್ಮನ ಕೆಲಸ ಎಂದು ರೋಮಾಪುರದವರಿಗೆ 5:5 ಹೇಳುತ್ತದೆ, ಓದುವುದಷ್ಟೇ ನಮ್ಮದು. ಏನೂ ತೋಚದ ದಿನಗಳಿಗೆ ಕೀರ್ತನೆ 88 ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದರ ಮೊದಲ ಸಾಲು ನನ್ನನ್ನು ರಕ್ಷಿಸುವ ದೇವರೇ ಎಂದು ಕೂಗುತ್ತದೆ, ಹಾಗೆ ಕೂಗುವುದೂ ಪ್ರಾರ್ಥನೆಯೇ.

ಎಫೆಸದವರಿಗೆ 3:18ರಲ್ಲಿ ಕ್ರಿಸ್ತನ ಪ್ರೀತಿಯ ಅಗಲ, ಉದ್ದ, ಎತ್ತರ, ಆಳಗಳನ್ನು ಗ್ರಹಿಸುವ ಮಾತು ಬರುವಾಗ 'ದೇವಜನರೆಲ್ಲರೊಂದಿಗೆ' ಎಂಬ ಮಾತು ಸೇರಿಕೊಂಡಿದೆ. ಒಬ್ಬರೇ ಓದಿ ಓದಿ ಸಾಕಾದಾಗ, ಆ ಒಂಬತ್ತು ವಚನಗಳನ್ನು ಇನ್ನೊಬ್ಬ ವಿಶ್ವಾಸಿಯ ಕೈಗೆ ಕೊಟ್ಟು, 'ನಮಗೆ', 'ನಮ್ಮ' ಎಂದಿರುವಲ್ಲಿ ನಿಮ್ಮ ಹೆಸರು ಸೇರಿಸಿ ಗಟ್ಟಿಯಾಗಿ ಓದಲು ಕೇಳಿಕೊಳ್ಳಿ. ನೀವು ಸುಮ್ಮನೆ ಕೂತು ಕೇಳಿ.